ಒಂದು ಐದು ಮೂರು ಆರು

ಕೊಳವೆ ಬಾಗಿಸುವುದು ನನ್ನ ಕಸುಬು.
ಅಪ್ಪನದೂ ಅದೇ. ಅವನ ಎಡಗಿವಿ ಹೋಗಿದ್ದು ಇದರಲ್ಲೇ,
ನನ್ನದೂ.
ಅರ್ಜೆಂಟೀನಾದ ಬಯಲಲ್ಲಿ, ರಾಫಾಯೆಲಾ ಊರಿನ ರೈಲು ಗೇಟಿನಾಚೆ
ತಗಡಿನ ಷೆಡ್ಡು. ಗೋಡೆಗೆ ನೇತುಬಿಟ್ಟ ಸೈಲೆನ್ಸರುಗಳು,
ಒಣಗಲು ಬಿಟ್ಟ ಸೋರೆಬುರುಡೆಗಳ ಹಾಗೆ.

ಮಂಗಳವಾರ ಬಂದ ರೆಮಿಹಿಯೊ ತೊಸೆಲ್ಲೊ, ಬೇಕರಿಯವನು,
ಹುಬ್ಬಿನ ಮೇಲೆ ಇನ್ನೂ ಹಿಟ್ಟು.
ಆರು ಸಿಲಿಂಡರಿನ ಹಳೆಯ ಟೊರಿನೊ ಕೂಪೆ,
ಬಣ್ಣ ಮಾತ್ರ ನಿನ್ನೆಯದು.
ಕೆಳಗೆ ತೂರಿ ನೋಡಿದೆ: ತುಕ್ಕು ತಿಂದ ಕೊಳವೆ
ಬೆರಳೊತ್ತಿದರೆ ಹಪ್ಪಳ.

"ಒಂದು ಹಾಕಲೋ, ಎರಡೋ?"
ಅವನು ಟೊಪ್ಪಿಗೆ ತೆಗೆದ. ಮತ್ತೆ ಹಾಕಿಕೊಂಡ.

ಇದು ದುಡ್ಡಿನ ಮಾತಲ್ಲ. ದುಡ್ಡಿನ ಮಾತೂ ಹೌದು.
ಒಂದಾದರೆ ಹಗುರ, ತುಕ್ಕಿಗೂ ಒಂದೇ ಮನೆ.
ಅಳತೆ ಸರಿಯಿದ್ದರೆ ಒಂದೇ ಸಾಕು, ಇದು ಕಸುಬಿನ ಸತ್ಯ;
ಅಂಗಡಿಯ ಸತ್ಯ ಬೇರೆ.
ಎಂಜಿನ್ನಿಗೆ ಎದುರೊತ್ತಡ ಬೇಕು ಅನ್ನುತ್ತಾರೆ ಮಂದಿ,
ಇಲ್ಲದಿದ್ದರೆ ಬಲ ಸೋರಿಹೋಗುತ್ತದಂತೆ.
ಸುಳ್ಳು. ಬೇಕಿರುವುದು ಓಟ.
ಮುಂದೆ ಹೊರಟ ಹೊಗೆ ಹಿಂದಿನದರ ಕೈಹಿಡಿದು ಎಳೆಯಬೇಕು;
ಕೊಳವೆ ತೀರ ಅಗಲವಾಯಿತೋ,
ಸಂತೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ
ಅಲ್ಲಲ್ಲೇ ನಿಂತುಬಿಡುತ್ತದೆ.

ಈ ಎಂಜಿನ್ನು ಉರಿಯುವ ವರಸೆ:
ಒಂದು ಐದು ಮೂರು ಆರು ಎರಡು ನಾಲ್ಕು.
ಬೆಂಚಿನ ಮೇಲೆ ತಟ್ಟಿ ತೋರಿಸಿದೆ,
ಮುಂದಿನ ಮೂವರಿಗೆ ಬಲಗೈ, ಹಿಂದಿನ ಮೂವರಿಗೆ ಎಡಗೈ.
ಬಲ ಎಡ ಬಲ ಎಡ ಬಲ ಎಡ.
ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ.
ಹಂಚಿದರೆ ಎರಡು ಕೊಳವೆಗೂ ಸಮಹೆಜ್ಜೆ,
ಕೂಡಿಸಿದರೆ ಒಂದೇ ದನಿ, ಮೇಲಿನ ಸ್ಥಾಯಿಯದು.
ನಾಲ್ಕು ಸಿಲಿಂಡರಿನ ಹುಡುಗರು ಬಂದು ಎರಡು ಕೇಳಿದರೆ
ನಗುತ್ತೇನೆ: ಒಂದೊಲೆಗೆ ಎರಡು ಹೊಗೆಗೂಡೇ?
ಆರಕ್ಕೆ ನಗಲಾರೆ.

"ಒಂದೇ ಇರಲಿ," ಅಂದ ರೆಮಿಹಿಯೊ.
"ಭಾನುವಾರ ಅವಳು ಪಕ್ಕದಲ್ಲಿ ಕೂರುತ್ತಾಳೆ.
ಎರಡು ಸಾವಿರದ ಇನ್ನೂರು ಸುತ್ತಿಗೆ ಗುಂಯ್ ಅನ್ನುತ್ತದಂತೆ,
ಸುಂಚಾಲೆಸ್ ತನಕ ಅದೇ ವೇಗ.
ಮಾತು ಕೇಳಿಸಬೇಕಲ್ಲ."

ಕಾರಿನ ಬಾಗಿಲು ತೆರೆಯಿತು.
ನೆಲ್ವಾ ಒಳಗೇ ಕೂತಿದ್ದಳು ಇಷ್ಟು ಹೊತ್ತು,
ಮಡಿಲಲ್ಲಿ ಬಿಸಿನೀರಿನ ಥರ್ಮಾಸು.
"ನಲವತ್ತೊಂದು ವರ್ಷ," ಅಂದಳು, ಕೆಳಗಿಳಿಯದೆಯೇ.
"ನಡುರಾತ್ರಿ ಎರಡಕ್ಕೆ ಎದ್ದು ತುದಿಗಾಲಲ್ಲಿ ನಡೆದಿದ್ದೇನೆ,
ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು.
ತಟ್ಟೆ ಇಟ್ಟರೆ ಸದ್ದಿಲ್ಲ,
ಕೆಮ್ಮು ಬಂದರೆ ಬಾಯಿಗೆ ಹಿಟ್ಟಿನ ಚೀಲ.
ಇವನ ಮಾತೆಲ್ಲ ಕೇಳಿ ಆಯಿತು.
ಎರಡು ಹಾಕು, ಲೆಯೊನಿಲ್ದಾ."

ಅವನು ಅವಳನ್ನು ನೋಡಿದ.
ನಾನು ಟೇಪು ಹಿಡಿದು ಕಾರಿನ ಕೆಳಗೆ ತೂರಿದೆ.
ಕೆಲವು ನೋಟಗಳ ಕೆಳಗೆ ಅಂಗಾತ ಮಲಗುವುದೇ ಮೇಲು.

ಮೂರು ದಿನದ ಕೆಲಸ. ಮರಳು ತುಂಬಿ, ಕಾಸಿ, ಬಾಗಿಸಿ,
ಆಕ್ಸಲಿನ ಮೇಲೆ ಒಂದು ಬೆರಳು ಜಾಗ ಬಿಟ್ಟು.
ಯಾರೂ ಕೇಳದೆ, ಬಿಲ್ಲಿನಲ್ಲಿ ಬರೆಯದೆ
ಗೇರ್‌ಬಾಕ್ಸಿನ ಹಿಂದೆ ಎರಡರ ನಡುವೆ
ಒಂದು ಗೇಣಿನ ಅಡ್ಡ ಕೊಳವೆ ಬೆಸೆದೆ.
ಗುಂಯ್ ಸ್ವಲ್ಪ ತಗ್ಗುತ್ತದೆ.
ಬೇಕೆನಿಸಿದ ದಿನ ಮಾತಾಡಿಕೊಳ್ಳಲಿ.

ಶನಿವಾರ ಹೊರಟರು. ಯಾರು ಓಡಿಸುತ್ತಿದ್ದರೆಂದು
ಗಾಜಿನ ಮೇಲಿನ ಬಿಸಿಲಲ್ಲಿ ಕಾಣಲಿಲ್ಲ.
ಗೋಡೆಯ ಬುರುಡೆಗಳೆಲ್ಲ ಒಮ್ಮೆ ನಡುಗಿದವು,
ಗೇಟಿನ ಕಾವಲುಗಾರ ಎದ್ದು ನಿಂತ, ರೈಲೆಂದುಕೊಂಡು.
ನಾನು ತಗಡಿಗೆ ಅಂಗೈ ಇಟ್ಟೆ, ಕಿವಿಗಿಂತ ಅದು ನಂಬಿಗಸ್ತ:
ಬಲ ಎಡ, ಬಲ ಎಡ,
ಹಳಿ ದಾಟಿದ ಮೇಲೂ ಬಹಳ ಹೊತ್ತು
ಬಲ ಎಡ,
ಆಮೇಲೆ ನನ್ನದೇ ನಾಡಿಯಿರಬೇಕು.