ಹದಿನಾರನೇ ನಂಬರಿನ ಸೂಜಿ

ಕುಂಬಳೆ ರೈಲ್ವೇ ಗೇಟಿನ ಬದಿಯಲ್ಲಿ ನನ್ನ ಅಂಗಡಿ.
ಬ್ಲೌಸು, ಫಾಲ್ಸು, ಶಾಲೆಯ ಯೂನಿಫಾರ್ಮು,
ಮತ್ತೆ ಎರಡು ವರ್ಷದಿಂದ
ಕಡಲಿಗೆ ಮುಳುಗುವವರ ರಬ್ಬರ್ ಅಂಗಿ.

ಹೆಸರು ವಾರಿಜ. ನೀರಲ್ಲಿ ಹುಟ್ಟಿದವಳು ಅಂತ ಅರ್ಥವಂತೆ.
ಐವತ್ತೊಂದಾಯಿತು,
ಮೊಣಕಾಲಿಂದ ಮೇಲೆ ಸಮುದ್ರ ನನ್ನ ಮುಟ್ಟಿಲ್ಲ.

ಈ ತುಲಾ ತಿಂಗಳಲ್ಲಿ ಚಿಟ್‌ಫಂಡಿನ ಚೀಟಿ ಎದ್ದಿತು.
ಬಳೆ ಮಾಡಿಸು ಅಂದಳು ತಂಗಿ.
ನಾನು ಹೊಲಿದ ಅಂಗಿಗಳೆಲ್ಲ ಕೆಳಗೆ ಹೋಗಿ ಬಂದಿವೆ,
ಈ ಸಲ ನಾನು, ಅಂದೆ.

ಅಂಗಡಿ ಎರಡು.
ಬೇಕಲದ ಕಡೆ ರೋಹಿಣಾಕ್ಷನದು: ಗಾಜಿನ ಬಾಗಿಲು,
ಬೋರ್ಡಿನಲ್ಲಿ ನಮ್ಮ ಕಡಲಲ್ಲಿ ಯಾರೂ ಕಾಣದ ಹಳದಿ ಮೀನು.
ಎರಡು ಸಾವಿರದ ಎಂಟುನೂರು, ವೀಡಿಯೊ ಪುಕ್ಕಟೆ.
ಕೋಯಿಪ್ಪಾಡಿಯಲ್ಲಿ ಸಫೂರಳದು:
ಐಸ್ ತುಂಬುತ್ತಿದ್ದ ಹಳೆ ಶೆಡ್ಡು, ಬಂಗುಡೆ ವಾಸನೆ ಇನ್ನೂ ಬಿಟ್ಟಿಲ್ಲ.
ಮೂರೂವರೆ ಸಾವಿರ. ಚರ್ಚೆ ಇಲ್ಲ.

ಇಬ್ಬರೂ ನನ್ನ ಗಿರಾಕಿಗಳು.
ಊರವರು ಬೋರ್ಡು ಓದುತ್ತಾರೆ, ನಾನು ಅಂಗಿ.
ರೋಹಿಣಾಕ್ಷನ ಮೂಟೆ ಬಿಚ್ಚಿದರೆ ಮೇಜಿನ ಮೇಲೆ ಉಪ್ಪು ಉದುರುತ್ತದೆ,
ಝಿಪ್ಪಿನ ಹಲ್ಲಲ್ಲಿ ಮರಳು, ಕಂಕುಳಲ್ಲಿ ಹೋದ ವರ್ಷದ ಹರಕು.
“ಸಂಜೆಗೇ ಬೇಕು ವಾರಿಜಕ್ಕ, ಹೇಗಾದರೂ ಅಂಟಿಸಿ ಕೊಡಿ.”
ಹೇಗಾದರೂ.
ಆ ಶಬ್ದಕ್ಕೆ ನನ್ನ ಸೂಜಿ ಎರಡು ಸಲ ಮುರಿದಿದೆ.

ಸಫೂರ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ,
ಒಳಮಗ್ಗುಲು ಹೊರಗೆ ಮಾಡಿ ತರುತ್ತಾಳೆ.
ಹರಿದಲ್ಲಿ ಸೀಮೆಸುಣ್ಣದ ಗುರುತು.
ಹತ್ತಿನೂಲು ಬೇಡ, ಉಪ್ಪಿಗೆ ಕೊಳೆಯುತ್ತದೆ ಅಂತ ನನಗೇ ಪಾಠ.

ಆದರೂ ಅಷ್ಟಕ್ಕೇ ಆರಿಸಲಿಲ್ಲ.
ಇಸ್ತ್ರಿ ಅಂಗಿ ನೋಡಿ ನಂಬಿ
ಒಂದು ಮದುವೆ ಮಾಡಿಕೊಂಡವಳು ನಾನು.

ಗೊತ್ತಾದದ್ದು ಕುತ್ತಿಗೆಯಿಂದ.
ಕಾಲರಿನ ಎದುರುಭಾಗದಲ್ಲಿ ನಾಲ್ಕು ಗೀರು. ಉಗುರಿನದು.
ಅಡಿಯಲ್ಲಿ ಯಾರೋ ಉಸಿರು ಹುಡುಕಿದ್ದಾರೆ.
ರೋಹಿಣಾಕ್ಷನನ್ನು ಕೇಳಿದೆ. ನಕ್ಕ.
“ಎಂತದೂ ಇಲ್ಲಕ್ಕ, ಹ್ಯಾಂಗರು ತಾಗಿದ್ದು.”

ಸಫೂರಳ ಅಂಗಿಯಲ್ಲೂ ಇತ್ತು. ಅದೇ ನಾಲ್ಕು.
ಕೇಳುವ ಮೊದಲೇ ಹೇಳಿದಳು:
ಪುತ್ತೂರಿನ ಹುಡುಗ, ಆರು ಮೀಟರಿನಲ್ಲಿ ಹೆದರಿದ.
ಕೈ ಹಿಡಿದು ನಿಧಾನ ಮೇಲೆ ತಂದೆ.
ದೋಣಿಯಲ್ಲಿ ಆಕ್ಸಿಜನ್ ಇತ್ತು, ಬೇಕಾಗಲಿಲ್ಲ.
ಅವತ್ತು ನನ್ನ ಜೊತೆ ನಾಲ್ಕು ಜನ. ಈಗ ಇಬ್ಬರೇ, ಉಳಿದವರು ಕಾಯಲಿ.
ರಿಜಿಸ್ಟರು ತೋರಿಸಿದಳು. ತಾರೀಕು, ಆಳ, ಹುಡುಗನ ಹೆಸರು,
ಕೆಳಗೆ ಮಲಯಾಳದಲ್ಲಿ ಒಂದು ಸಾಲು,
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ:
ತಪ್ಪು ನನ್ನದು.

ಮುಂಗಡ ಕೊಟ್ಟೆ.

ಮೊದಲ ದಿನ ಹೋಗಲೇ ಇಲ್ಲ.
ನೀರು ಕಲಕಿದೆ, ಕಟ್ಟನ್ ಚಾಯ ಕುಡಿದು ಮನೆಗೆ ನಡೀರಿ, ಅಂದಳು.
ಎರಡನೆಯ ದಿನ ಸಿಲಿಂಡರಿನ ಗಾಳಿ ಮೂಸಲು ಕೊಟ್ಟಳು.
ಯಾವ ವಾಸನೆಯೂ ಇರಬಾರದಂತೆ. ಇರಲಿಲ್ಲ.
ಹೆಬ್ಬೆರಳೆತ್ತಿದರೆ ಚಂದ ಉಂಟು ಅಂತ ಅಲ್ಲ,
ಮೇಲೆ ಹೋಗಬೇಕು ಅಂತ.
ಮೂರು ಸಲ ಕಲಿಸಿದಳು, ಮೂರು ಸಲವೂ ತಪ್ಪಿದೆ.
ದೋಣಿಯ ಕುಂಞಂಬು ತಲೆ ಎಣಿಸಿದ:
ಒನ್ನ್, ರಂಡ್, ಮೂನ್ನ್.
ಇದ್ದದ್ದೇ ಮೂರು ತಲೆ. ಮತ್ತೆ ಎಣಿಸಿದ.

ಕೆಳಗೆ ಮೀನಿಗಿಂತ ಮೊದಲು ಬಂದದ್ದು
ಬೆನ್ನಿನ ಹೊಲಿಗೆಯಲ್ಲಿ ನುಗ್ಗಿದ ತಣ್ಣನೆ ನೀರು.
ನನ್ನದೇ ಹೊಲಿಗೆ, ಯಾರಿಗೆ ಬೈಯಲಿ.
ಸ್ವಲ್ಪ ಹೊತ್ತಿಗೆ ಅದೂ ಮೈಯ ಬಿಸಿಗೆ ಬಂತು.
ಬೋರ್ಡಿನ ಹಳದಿ ಮೀನು ಇರಲಿಲ್ಲ.
ಬೂದು ಬಣ್ಣದ್ದೊಂದು ಕಲ್ಲಿನ ಸಂದಿಯಿಂದ ಮುಖ ಹಾಕಿ,
ಸಾಲ ಕೇಳಲು ಬಂದವರನ್ನು ನೋಡಿದ ಹಾಗೆ ನೋಡಿ
ಒಳಗೆ ಹೋಯಿತು.

ಅಷ್ಟರಲ್ಲಿ ಕಂಡೆ: ನನ್ನ ಕೈ ಹಿಡಿದ ಸಫೂರಳ ಎಡತೋಳು,
ಮೊಣಕೈ ಬಳಿ ಒಂದಿಂಚು ನೂಲು ಬಿಟ್ಟಿದೆ.
ಹದಿನಾರನೇ ನಂಬರಿನ ಸೂಜಿ, ನೈಲಾನು, ನಾಳೆ ತಾ ಮಾರಾಯ್ತಿ
ಅನ್ನಲು ಬಾಯಿಲ್ಲ.
ಇರಲಿ, ಚಂದ ಉಂಟು ಅಂತ
ಹೆಬ್ಬೆರಳೆತ್ತಿಬಿಟ್ಟೆ.

ಏನು, ಯಾಕೆ, ಒಂದೂ ಕೇಳಲಿಲ್ಲ ಅವಳು.
ಆ ಗಳಿಗೆಯೇ ನನ್ನನ್ನು ಮೇಲಕ್ಕೆ ತರತೊಡಗಿದಳು,
ನಿಧಾನ, ಗುಳ್ಳೆಗಳಿಗಿಂತ ನಿಧಾನ,
ಬಿಟ್ಟ ನೂಲು ನಮ್ಮ ಹಿಂದೆ ಹಿಂದೆ.