ಬರಕೋರಿ

ಹೊಂಬಳ ಸಾಹೇಬರು ವಿರಾಜಪೇಟೆಗೆ ಮುನ್ಸೀಫರಾಗಿ ಬಂದ ದಿನ
ಸ್ವೆಟರಿನ ಮೇಲೆ ಕರಿಕೋಟು, ಕೋಟಿನ ಮೇಲೆ ಗೌನು;
ಗದಗಿನ ಕಡೆಯ ಮೈಗೆ ನಮ್ಮ ಜನವರಿ ಹೊಸದು.
ಪೀಠದಲ್ಲಿ ಕೂತು, ಕೈಯುಜ್ಜಿ, ನನಗೆ ಅಂದ ಮೊದಲ ಮಾತು:
ಬರಕೋರಿ.

ಬರೆದುಕೊಂಡೆ.
ನನ್ನ ಕೆಲಸವೇ ಅದು. ಅವರ ಬಾಯಿ, ನನ್ನ ಪೆನ್ಸಿಲು.
ಅಣ್ಣತಮ್ಮಂದಿರ ಬಾಣೆ ಜಗಳ, ಬೇಲಿ ದಾಟಿದ ಹಸು,
ಕೋವಿ ಹಿಡಿದು ಹೆದರಿಸಿದ ಬಾವ.
‘ಹಾದಿಯಲ್ಲಿ ಆನೆ ನಿಂತಿದ್ದರಿಂದ ಎರಡನೇ ಸಾಕ್ಷಿ ಗೈರು’
ಎಂದು ಬರೆಸುವಾಗ ಒಮ್ಮೆ ನನ್ನತ್ತ ನೋಡಿದರು,
ತಮಾಷೆಯೋ ಎಂದು.
ಅಲ್ಲ ಸರ್, ಎಂದೆ.
ವಾರಂಟು ಹೊರಡಿಸಲಿಲ್ಲ.

ಶೀಘ್ರಲಿಪಿಯಲ್ಲಿ ಮಾತಿಗೆ ಗೆರೆಯುಂಟು, ಮೌನಕ್ಕಿಲ್ಲ.
ನಾನೇ ಒಂದು ಗುರುತು ಮಾಡಿಕೊಂಡಿದ್ದೆ:
ಸಾಹೇಬರು ತಡೆದಲ್ಲಿ, ಅಂಚಿನಲ್ಲೊಂದು ಚುಕ್ಕೆ.
ಯಾರಿಗೂ ಹೇಳಿದ್ದಲ್ಲ.

ಅರ್ಧ ಚೀಲ ಕರಿಮೆಣಸಿನ ಕೇಸು.
ಆರೋಪಿ ಲೈನ್‌ಮನೆಯ ಚುಬ್ರ.
ಅವನ ಹೆಂಡತಿ ಬೊಳ್ಳಿ ಸಾಕ್ಷಿಕಟ್ಟೆ ಹತ್ತಿ
ಎರವ ಮಾತಿನಲ್ಲಿ ಬಹಳ ಹೊತ್ತು ಹೇಳಿದಳು;
ಗಾಳಿಯಲ್ಲಿ ಏಣಿ ನಿಲ್ಲಿಸಿದಳು, ಚೀಲ ಕಟ್ಟಿದಳು,
ಕೂಲಿ ಸಿಗದ ವಾರಗಳೋ ಏನೋ, ಬೆರಳು ಮಡಿಸಿ ಎಣಿಸಿದಳು.
ಆ ಮಾತು ಬಲ್ಲವನು ಕೋರ್ಟಿನಲ್ಲಿ ಒಬ್ಬನೇ,
ದೂರು ಕೊಟ್ಟ ಧಣಿಯ ತೋಟದ ರೈಟರ್.
ತನಗೇನೂ ಗೊತ್ತಿಲ್ಲ ಅಂತಾಳೆ ಸ್ವಾಮಿ, ಎಂದ.
ಸಾಹೇಬರು ಆ ಮಡಿಸಿದ ಬೆರಳುಗಳನ್ನು ನೋಡಿದರು,
ಆಮೇಲೆ ಗೋಡೆ ಗಡಿಯಾರವನ್ನು.
ಊಟಕ್ಕೆ ಮುಂಚೆ ಇನ್ನೂ ಹನ್ನೊಂದು ಕೇಸಿತ್ತು.
ಬರಕೋರಿ: ತನಗೇನೂ ಗೊತ್ತಿಲ್ಲ.

ಮೂರು ತಿಂಗಳು.

ಆಮೇಲೆ ಸೇಡಂ, ಕೂಡ್ಲಿಗಿ, ಮುಳಬಾಗಿಲು, ಮತ್ತೆಲ್ಲೋ;
ಮೂರು ವರ್ಷಕ್ಕೊಮ್ಮೆ ಲಾರಿ ಹತ್ತುವ ಅದೇ ಕಬ್ಬಿಣದ ಮಂಚ,
ಮಗಳಿಗೆ ಐದು ಶಾಲೆ.
ಇಪ್ಪತ್ತೆರಡು ವರ್ಷ ಕಳೆದು ಜಿಲ್ಲಾ ನ್ಯಾಯಾಧೀಶರಾಗಿ
ಮಡಿಕೇರಿಗೆ ಬಂದರು, ತಲೆ ನೆರೆದು, ಸ್ವೆಟರಿಲ್ಲದೆ.
ಬಡ್ತಿ ಸಿಕ್ಕಿ ನಾನೂ ಅಲ್ಲೇ ಇದ್ದೆ.
ಗಲ್ಲು ಬರೆದರೆ ನಿಬ್ಬು ಮುರೀತೀರಾ ಸರ್, ಎಂದು
ಕಿರಿಯ ವಕೀಲನೊಬ್ಬ ಕೇಳಿದ್ದಕ್ಕೆ
ಜೇಬಿನ ಐದು ರೂಪಾಯಿಯ ಬಾಲ್‌ಪೆನ್ನು ತೋರಿಸಿದರು:
ಇದನ್ನ ಹ್ಯಾಂಗ ಮುರೀಲೋ ತಮ್ಮಾ.

ಒಂದು ದಿನ ಸಾಕ್ಷಿಗೆ ಬಂದವನು ಎರವರ ಹುಡುಗ.
ಯಾವುದೋ ತೋಟದ ರೈಟರ್ ಎದ್ದು ನಿಂತ, ನಾನು ಹೇಳ್ತೇನೆ ಎಂದು.
ಕೂಡ್ರಿ, ಅಂದರು.
ತಿತಿಮತಿಯಿಂದ ಅಂಗನವಾಡಿ ಟೀಚರ್ ಬಸ್ಸಿಳಿದು ಬರುವ ತನಕ
ಮೂರೂಕಾಲು ಗಂಟೆ ಇಡೀ ಕೋರ್ಟು ಸುಮ್ಮನೆ ಕೂತಿತ್ತು.
ವಕೀಲರು ಗೊಣಗಿದರು, ಫ್ಯಾನು ತಿರುಗಿತು.
ನನ್ನ ಪುಸ್ತಕದ ಆ ಪುಟದ ತುಂಬ ಚುಕ್ಕೆ.

ನಿವೃತ್ತಿಗೆ ವಕೀಲರ ಸಂಘ ಪೀಚೆಕತ್ತಿ ಕೊಟ್ಟಿತು,
ಗಾಜಿನ ಚೌಕಟ್ಟಿನಲ್ಲಿ.
ನಿಮಗ ಲೈಸೆನ್ಸ್ ಬ್ಯಾಡ, ನನಗ ಬೇಕಲ್ಲ, ಎಂದರು. ಎಲ್ಲರೂ ನಕ್ಕರು.
ಸಂಜೆ ಚೇಂಬರಿಗೆ ಕರೆದರು.
ಆ ಮೆಣಸಿನ ಫೈಲು?
ನಿಯಮದಂತೆ ನಾಶವಾಗಿದೆ ಸರ್.
ನಿಮ್ಮ ನೋಟ್‌ಬುಕ್ಕು?

ಅದು ಬೀರುವಿನ ತಳದಲ್ಲಿತ್ತು, ಮೂಲೆಯನ್ನು ಗೆದ್ದಲು ತಿಂದಿತ್ತು.
ತಂದು ತೆರೆದೆ.
ಎರಡನೇ ಸಲ ಕೇಳಿದ್ನೇನು ನಾನು, ಆಕೀನ್ನ?
‘ತನಗೇನೂ’ ಎಂಬ ಗೆರೆಯ ಹಿಂದೆ
ಕಾಗದ ತೂತಾಗುವಷ್ಟು ಒತ್ತಿದ ಒಂದು ಚುಕ್ಕೆ.
ಅದನ್ನು ಹೇಳಬಹುದಿತ್ತು.
ಆದರೆ ಚುಕ್ಕೆ ನನ್ನದು, ದಾಖಲೆಯಲ್ಲ.
ಇಲ್ಲ ಸರ್. ಕೇಳಲಿಲ್ಲ.

ಕಿಟಕಿಯಾಚೆ ದಫೇದಾರ ಹೂಹಾರಗಳನ್ನು ಕಾರಿಗೆ ತುಂಬುತ್ತಿದ್ದ.
ಬರಕೋರಿ, ಅಂದರು.
ಪೆನ್ಸಿಲು ಹಿಡಿದು ತಾರೀಕು ಹಾಕಿದೆ.
ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.