ಹತ್ತರಲ್ಲೊಂದು

ಸೊಂಬಾತ್‌ಹೆಯ್ ಊರಿನ ಕ್ರೀಡಾಭವನ. ಮಾರ್ಚ್. ಹೀಟರು ಕೆಟ್ಟಿದೆ.
ನೀಲಿ ಕೋಟಿನ ತೋಳೊಳಗೆ ಬೆರಳು ಬಚ್ಚಿಟ್ಟುಕೊಂಡು
ತೊಲೆಯ ಎದುರು ಕೂತಿದ್ದೇವೆ ತೀರ್ಪುಗಾರ್ತಿಯರು.
ಐದು ಮೀಟರು ಉದ್ದ, ಅಂಗೈ ಅಗಲ,
ನೆಲದಿಂದ ಎದೆಮಟ್ಟ.
ಹದಿನೇಳರವರೆಗೆ ನನ್ನ ವಿಳಾಸವೂ ಅದೇ ಆಗಿತ್ತು.

ಎಡಗಡೆಯವಳದು ಕಷ್ಟದ ಲೆಕ್ಕ:
ಎಷ್ಟು ಪಲ್ಟಿ, ಎಷ್ಟು ಸುತ್ತು,
ಯಾವುದಕ್ಕೆ ಯಾವುದು ಗಂಟು ಬಿತ್ತು.
ಕಿರಾಣಿ ಚೀಟಿಯಷ್ಟು ಚೊಕ್ಕ.
ನನ್ನ ಪಾಲಿಗೆ ಬಂದದ್ದು ಮಿಕ್ಕದ್ದು,
ಬಾಗಿದ ಮೊಣಕಾಲು, ಸಡಿಲಾದ ಪಾದ,
ಮತ್ತೆ ಹಾಳೆಯ ತಳದಲ್ಲಿ ಸಣ್ಣಕ್ಷರದ 'ಕಲಾತ್ಮಕತೆ'.
ಅದು ಇಲ್ಲದಿದ್ದರೆ ಹತ್ತರಲ್ಲೊಂದು ಕಳೆಯಬೇಕು.
ಇದ್ದರೆ?
ಕೂಡಿಸುವುದಕ್ಕೆ ಕಾಲಮ್ಮೇ ಇಲ್ಲ.

ಆರನೆಯವಳು ಶಾರ್ಕೋಜಿ ಕಿಂಚೊ.
ತಾಯಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಸಣ್ಣ ದೇಶ ನಮ್ಮದು, ಒಬ್ಬರ ಜಗಳ ಎಲ್ಲರಿಗೂ ಬಾಯಿಪಾಠ:
ಕೋಚ್ ತಿವದಾರನಿಗೆ ಬೇಕು 'ತೋಳ ಸುತ್ತು',
ಕುಕ್ಕರಗಾಲಲ್ಲಿ ಕೂತು, ಒಂದು ಕಾಲು ಮುಂದೆ ಚಾಚಿ
ಬುಗುರಿಯ ಹಾಗೆ ಮೂರು ಬಾರಿ.
ನೃತ್ಯ ಕಲಿಸುವ ಎಮೋಕೆ ಅಂದಳಂತೆ,
'ಬಸ್ಸಿನ ಸೀಟಿನಡಿ ಬಿದ್ದ ಚಿಲ್ಲರೆ
ಹುಡುಕಿದ ಹಾಗಿದೆ, ತೆಗೆದುಹಾಕು.'
'ಆ ಚಿಲ್ಲರೆಯಿಂದಲೇ ತಾಯೀ
ಹುಡುಗಿ ಫೈನಲ್ಲಿಗೆ ಟಿಕೆಟ್ ಕೊಳ್ಳುವುದು,'
ಅಂದನಂತೆ ಅವನು.
ಅವನದೂ ಸುಳ್ಳಲ್ಲ.
ಬೆಳಗಿನ ಐದಕ್ಕೆ ಹಿಮ ಕೆರೆದು ಕಾರು ತೆಗೆಯುವವನು ಅವನೇ.

ಏರಿದಳು.
ನಮಸ್ಕರಿಸುವಾಗ ಕಣ್ಣು ಮೊದಲು, ಕೈ ಆಮೇಲೆ:
ಅದು ಎಮೋಕೆಯ ಕೈವಾಡ, ಗುರುತು ಸಿಕ್ಕಿತು.
ತೋಳ ಸುತ್ತು ಬಂತು. ಒಂದು. ಎರಡು.
ಮೂರರಲ್ಲಿ ಹುಡುಗಿ ನಕ್ಕಳು,
ಹಲ್ಲು ಕಾಣದಂಥ ಒಳನಗೆ,
ತಿರುಗುವ ಲೋಕವನ್ನು ಕಾಲ್ಬೆರಳಲ್ಲಿ ಹಿಡಿದವಳ ಖುಷಿ.
ಅಯ್ಯೋ, ಅವಳಿಗೆ ಇಷ್ಟ ಅದು!
ಇಷ್ಟು ದಿನದ ಜಗಳದಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ.

ಹಿಂದಕ್ಕೆ ಹಾರಬೇಕು ಈಗ, ಎರಡು ಸಲ, ಗಂಟು ಬಿಡದೆ.
ಹಾರುವ ಮುಂಚೆ ನಿಂತಳು.
ತೊಲೆಯ ಆ ತುದಿಯಿಂದ ಯಾರೋ ಬರುತ್ತಿದ್ದಾರೆ,
ದಾರಿ ಬಿಡಲೋ ಬೇಡವೋ ಎಂಬಂತೆ ನಿಂತಳು.
ಒಂದು ಸೆಕೆಂಡು.
ಕ್ಯಾಂಟೀನಿನ ಬಾಗಿಲು ಹಾಕಿದ ಸದ್ದು.
ಎರಡು.
ಎದೆ ತುಂಬಿತು, ಭುಜ ಇಳಿಯಿತು,
ಕುತ್ತಿಗೆಯ ಹಿಂದೆ ಜಾರಿದ ಒಂದು ಕೂದಲು.
ಮೂರು.
ನಿಯಮಕ್ಕೆ ಮೂರು ಹೆಚ್ಚು.
ನನ್ನ ಪೆನ್ಸಿಲು ನನ್ನನ್ನು ಕೇಳದೆ ಬರೆಯಿತು
ಹತ್ತರಲ್ಲೊಂದು.
ಬರೆದದ್ದು ಸರಿ. ಈಗಲೂ ಸರಿ ಅನ್ನುತ್ತೇನೆ.
ಹಾರಿದಳು, ಕೂತಿತು ಪಾದ, ಎರಡನೆಯದರಲ್ಲಿ ವಾಲಿ
ಕೈ ಗಾಳಿಯನ್ನು ಬಾಚಿತು, ಮುಳುಗುವವಳ ಕೈ,
ಅದಕ್ಕೆ ಮೂರು.
ಎಂಬತ್ತರ ಗಂಟೆ. ಇಳಿತ. ಒಂದು ಹೆಜ್ಜೆ.

ನಾಲ್ಕನೆಯ ಸ್ಥಾನ. ಮೂರು ಜನಕ್ಕೆ ಫೈನಲ್.
ತಿವದಾರ್ ಗೋಡೆಗೆ ಏನೋ ಹೇಳಿದ.
ಅವಳು ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿಂದಳು.
ಕಪ್ಪು ತೋಳಿನ ಮೇಲೆ ಸುಣ್ಣದ ಬೆರಳಚ್ಚು,
ಐದು ಬಿಳಿ ಕಲೆ.
ಅದೂ ಕಲೆಯೇ.
ಒರೆಸಿಕೊಳ್ಳಲಿಲ್ಲ.

ರಾತ್ರಿ ಸ್ಟೇಷನ್ನಿನಲ್ಲಿ ನಾನೊಬ್ಬಳೇ,
ಐವತ್ತೆಂಟು ವರ್ಷ, ಸೊಂಟದಲ್ಲಿ ಒಂದು ಸ್ಟೀಲು.
ಪ್ಲಾಟ್‌ಫಾರಮ್ಮಿನ ಅಂಚಿಗೆ ಹಳದಿ ಪಟ್ಟಿ, ಅಂಗೈ ಅಗಲ.
ಚೀಲ ಕೆಳಗಿಟ್ಟೆ.
ಒಂದು ಹೆಜ್ಜೆ, ಇನ್ನೊಂದು,
ಕಣ್ಣು ಮೊದಲು, ಕೈ ಆಮೇಲೆ,
ಆಮೇಲೆ ನಿಂತೆ. ಎಣಿಸಲಿಲ್ಲ.
ಹಳಿಗಳ ಆಚೆ ಒಂದು ನಾಯಿ, ದೀಪ, ಮಂಜು.
ವಾಲಿದೆ.
ಹಿಂದಿನಿಂದ ಯಾರೋ ಟೋಪಿಯವನು ಕೇಳಿದ,
'ಏನಾದರೂ ಬಿದ್ದುಹೋಯಿತೇ ಅಮ್ಮಾ?'
ಇಲ್ಲ, ಅಂದೆ.
ಕೋಸೆಗ್ ರೈಲು ಹದಿನಾಲ್ಕು ನಿಮಿಷ ತಡ.